ಮೆಡಿಟರೇನಿಯನ್ ದಡದಲ್ಲಿ ಕುಚ್ಚಲಕ್ಕಿ ಗಂಜಿ

ಹೋದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುತ್ತಾ, ಫ್ರಾನ್ಸಿನ ದಕ್ಷಿಣದ ಕಡಲ ದಡದಲ್ಲಿ ನಾವು ಮನೆಮಂದಿ ಎಂಟು ದಿನ ಟೆಂಟಿನಲ್ಲಿ ಇದ್ದೆವು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಬರೆದು ಮರೆತಿದ್ದೆ ಕೂಡ. ನೀವು ಮರೆಯಲಿಲ್ಲ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ. ತೆಂಗಿನ ನುಸಿಪೀಡೆ ಕೇಳಿದವರು, ಪಿಂಚಣಿ ಕೇಳಿದವರು ಸ್ವಲ್ಪ ತಾಳಿ. ಈ ಸಲ ಇಡೀ ಪುಟ ಟೆಂಟಿಗೇ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿದ್ದಾನೆ. ಮುಂದಿನ ವರ್ಷ ಎಲ್ಲರೂ ಯುರೋಪಿಗೆ ಹೋಗುವ, ಕಡಲ ಬದಿಯಲ್ಲಿ ಟೆಂಟ್ ಹಾಕಿ ಇರುವ ಅನ್ನುತ್ತಾನೆ. ನನಗೆ 64, ಅವನ ಅಮ್ಮನಿಗೆ ಮಂಡಿನೋವು. ಅಷ್ಟು ದುಡ್ಡು ಕೊಟ್ಟು ಕಾಡಿನಲ್ಲಿ ಮಲಗಲಿಕ್ಕೆ ಹೋಗುವುದಾ?
– ನಿವೃತ್ತ ಬ್ಯಾಂಕ್ ನೌಕರರು, ಕಟಪಾಡಿ

ಉತ್ತರ: ಮೊದಲು ಆ ಕಾಡನ್ನು ತಲೆಯಿಂದ ತೆಗೆದುಬಿಡಿ. ಟೆಂಟ್ ಅಂದ ಕೂಡಲೇ ನಮಗೆ ಕುದುರೆಮುಖ, ಜಿಗಣೆ, ರಾತ್ರಿ ಟಾರ್ಚ್ ಹಿಡಿದು ಪೊದೆ ಹುಡುಕುವುದು ಇವೇ ನೆನಪಾಗುತ್ತವೆ. ಅಲ್ಲಿ ಕ್ಯಾಂಪಿಂಗ್ ಅಂದರೆ ಒಂದು ದೊಡ್ಡ ಕಾಂಪೌಂಡು. ಗೇಟು, ಆಫೀಸು, ಒಳಗೆ ಲೇಔಟ್ ಮಾಡಿದ ಹಾಗೆ ನಂಬರ್ ಹಾಕಿದ ಸೈಟುಗಳು, ನಡುವೆ ಗಿಡದ ಬೇಲಿ, ಮೇಲೆ ಪೈನ್ ಮರದ ನೆರಳು. ಹೆಚ್ಚಿನ ಸೈಟುಗಳ ಮೂಲೆಯಲ್ಲಿ ಕರೆಂಟಿನ ಪೆಟ್ಟಿಗೆ ಇರುತ್ತದೆ. ಬಿಸಿನೀರಿನ ಬಚ್ಚಲು, ಕಕ್ಕಸು, ಪಾತ್ರೆ ತೊಳೆಯುವ ಸಿಂಕಿನ ಸಾಲು, ವಾಷಿಂಗ್ ಮಷೀನು ಎಲ್ಲ ಒಂದು ಕಟ್ಟಡದಲ್ಲಿ, ಎಲ್ಲರಿಗೂ ಸೇರಿ. ಬೆಳಿಗ್ಗೆ ಒಳಗಿನ ಅಂಗಡಿಗೆ ಬಿಸಿ ಬ್ರೆಡ್ ಬರುತ್ತದೆ. ಹಳೆಯ ವಠಾರ ನೆನಪಿದೆಯಾ? ಅದೇ, ಸಮುದ್ರದ ಪಕ್ಕದಲ್ಲಿ. ಪಾತ್ರೆ ತೊಳೆಯುವಲ್ಲಿಯೇ ಅರ್ಧ ಸ್ನೇಹ ಬೆಳೆಯುತ್ತದೆ. ನಾನು ಅಲ್ಲಿ ಕಂಡ ಡಚ್ ಮತ್ತು ಜರ್ಮನ್ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ನಿಮಗಿಂತ ಹತ್ತು ವರ್ಷ ದೊಡ್ಡವರು.

ಮಂಡಿನೋವಿನವರು ನೆಲದಲ್ಲಿ ಮಲಗಿ ಏಳುವುದು ಕಷ್ಟವೇ, ಒಪ್ಪುತ್ತೇನೆ. ಅದಕ್ಕೆ ಅದೇ ಕಾಂಪೌಂಡಿನಲ್ಲಿ ಮೊಬೈಲ್ ಹೋಮ್ ಅಂತ ಸಿಗುತ್ತದೆ. ಹೆಸರಿಗೆ ಮೊಬೈಲ್, ಎಲ್ಲಿಗೂ ಹೋಗುವುದಿಲ್ಲ. ಎರಡು ಸಣ್ಣ ಕೋಣೆ, ಮಂಚ, ಅಡುಗೆಮನೆ, ಒಳಗೇ ಬಚ್ಚಲು, ಮುಂದೆ ಮರದ ಜಗಲಿ. ನೀವಿಬ್ಬರು ಅದರಲ್ಲಿ, ಮಗ ಸೊಸೆ ಹೊರಗೆ ಟೆಂಟಿನಲ್ಲಿ ಅಂತ ಮಾಡಬಹುದಾ ಅಂತ ಬುಕ್ ಮಾಡುವಾಗ ಕೇಳಿ. ಕೆಲವರು ಬಿಡುತ್ತಾರೆ, ಕೆಲವರು ಪಕ್ಕದ ಸೈಟು ಬೇರೆ ತೆಗೆದುಕೊಳ್ಳಿ ಅನ್ನುತ್ತಾರೆ. ಫ್ರಾನ್ಸಿನಲ್ಲಿ ಕ್ಯಾಂಪ್‌ಗಳಿಗೂ ಹೋಟೆಲಿನ ಹಾಗೆ ಒಂದರಿಂದ ಐದು ಸ್ಟಾರ್ ಉಂಟು. ಐದು ಅಂದರೆ ಈಜುಕೊಳ, ಜಾರುಬಂಡೆ, ರಾತ್ರಿ ಹಾಡು ಕುಣಿತ ಎಲ್ಲ. ನಿಮಗೆ ಮೂರು ಸಾಕು. ಎರಡರಲ್ಲಿ ನಿದ್ದೆ ಇನ್ನೂ ಚೆನ್ನಾಗಿ ಬರಬಹುದು.

ಮಗನಿಗೆ ಒಂದೇ ಷರತ್ತು ಹಾಕಿ. ಹನ್ನೆರಡು ದಿನದಲ್ಲಿ ಆರು ಊರು ಬೇಡ. ನಾವು ಮೊದಲ ಸಲ ಮಾಡಿದ ಮೂರ್ಖತನ ಅದು: ಹತ್ತು ದಿನ, ನಾಲ್ಕು ಜಾಗ. ಟೆಂಟ್ ಕಟ್ಟುವುದು, ಬಿಚ್ಚುವುದು, ಒದ್ದೆ ಟವೆಲ್ ಚೀಲಕ್ಕೆ ತುರುಕುವುದು, ಮತ್ತೆ ಹೊಸ ಗೇಟಿನ ಮುಂದೆ ನಿಂತು ಪಾಸ್‌ಪೋರ್ಟ್ ತೋರಿಸುವುದು. ಸಮುದ್ರ ನೋಡಿದ್ದಕ್ಕಿಂತ ಟೆಂಟಿನ ಗೂಟ ನೋಡಿದ್ದೇ ಜಾಸ್ತಿ. ಎರಡನೇ ಸಲ ಒಂದೇ ಸೈಟಿನಲ್ಲಿ ಎಂಟು ದಿನ ಇದ್ದೆವು. ಮೂರನೇ ದಿನಕ್ಕೆ ಬ್ರೆಡ್ ಅಂಗಡಿಯವಳು ಕೇಳದೆಯೇ ಎರಡು ಉದ್ದ ಬ್ರೆಡ್ ತೆಗೆದಿಡುತ್ತಿದ್ದಳು. ನಾನು ರಜೆ ಅನ್ನುವುದು ಇದಕ್ಕೆ.

ಪ್ರಶ್ನೆ: ಮಕ್ಕಳಿಗೆ ರಜೆ ಏಪ್ರಿಲ್, ಮೇ ಅಥವಾ ದಸರಾ. ಯಾವಾಗ ಹೋಗಬಹುದು? ಅಲ್ಲಿ ಮಳೆಗಾಲ ಯಾವಾಗ?
– ಇಬ್ಬರು ಮಕ್ಕಳ ಅಮ್ಮ, ಕದ್ರಿ

ಉತ್ತರ: ಅಲ್ಲಿಯದು ನಮ್ಮ ಲೆಕ್ಕಕ್ಕೆ ಪೂರ್ತಿ ಉಲ್ಟಾ. ಜೂನ್, ಜುಲೈ, ಆಗಸ್ಟಿನಲ್ಲಿ ನಮ್ಮ ಕಡಲಿಗೆ ಕೆಂಪು ಬಾವುಟ ಕಟ್ಟಿ ಇಳಿಯಬೇಡಿ ಅನ್ನುವಾಗ ಅಲ್ಲಿ ಒಣ ಬಿಸಿಲು. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರ್ ತನಕದ ನಾಲ್ಕು ತಿಂಗಳಲ್ಲೇ. ಫ್ರಾನ್ಸಿನ ಮಾರ್ಸೆ ಊರಿಗೆ ಇಡೀ ವರ್ಷಕ್ಕೆ ಬೀಳುವುದು 500, 600 ಮಿಲಿಮೀಟರ್, ಅದೂ ಹೆಚ್ಚಿನದು ಬೇಸಿಗೆ ಬಿಟ್ಟು.

ನಿಮಗೆ ಹೊಂದುವುದು ಮೇ ತಿಂಗಳ ಎರಡನೇ ಅರ್ಧ. ಹಗಲು 22, 24 ಡಿಗ್ರಿ, ಜನ ಕಡಿಮೆ, ಬಾಡಿಗೆ ಕಡಿಮೆ. ಒಂದು ಕೊರತೆ ಹೇಳಲೇಬೇಕು, ಆಗ ಸಮುದ್ರ ತಣ್ಣಗೆ. ಫ್ರಾನ್ಸಿನ ಕಡೆ ನೀರು 18 ಡಿಗ್ರಿಯ ಆಸುಪಾಸು ಇರುತ್ತದೆ. ನಮ್ಮ ಮಕ್ಕಳಿಗೆ 28, 29 ಡಿಗ್ರಿಯ ನೀರು ಅಭ್ಯಾಸ. ನನ್ನ ಮಗ ಮೊಣಕಾಲವರೆಗೆ ಇಳಿದು ‘ಇದಕ್ಕೆ ಯಾರು ಐಸ್ ಹಾಕಿದ್ದು’ ಅಂತ ಕೇಳಿದ್ದ. ಆಗಸ್ಟಿಗೆ 25ರವರೆಗೆ ಬಿಸಿಯಾಗುತ್ತದೆ, ಆದರೆ ಆಗ ಇಡೀ ಯುರೋಪ್ ಅಲ್ಲೇ ಇರುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ 20ರ ತನಕ ಬಾಡಿಗೆ ಎರಡು ಪಟ್ಟಿಗೂ ಮೇಲೆ ಹೋಗಬಹುದು. ಮೊಬೈಲ್ ಹೋಮ್‌ಗಳನ್ನು ಆಗ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ, ವಾರದ ಲೆಕ್ಕದಲ್ಲೇ ಕೊಡುವುದು. ಇಟಲಿಯಲ್ಲಿ ಆಗಸ್ಟ್ 15 ಫೆರಗೋಸ್ತೊ ಅಂತ ದೊಡ್ಡ ರಜೆ. ಆ ವಾರ ಕಡಲ ದಡದಲ್ಲಿ ಟವೆಲ್ ಹಾಸಲಿಕ್ಕೂ ಜಾಗ ಹುಡುಕಬೇಕು.

ದಸರಾಕ್ಕೆ ಬೇಡ. ಅಕ್ಟೋಬರಿಗೆ ಹೆಚ್ಚಿನ ಕ್ಯಾಂಪ್‌ಗಳು ಬಾಗಿಲು ಹಾಕುತ್ತವೆ, ಫ್ರಾನ್ಸಿನ ದಕ್ಷಿಣದಲ್ಲಿ ದೊಡ್ಡ ಮಳೆ ಬರುವುದೂ ಆಗಲೇ.

ಪ್ರಶ್ನೆ: ಸರ್, ನಾವು ನಾಲ್ಕು ಜನ ಫ್ರೆಂಡ್ಸ್. ಕ್ಯಾಂಪಿಗೆ ದುಡ್ಡು ಕೊಡುವುದು ಯಾಕೆ, ಸುಮ್ನೆ ಯಾವುದಾದರೂ ಖಾಲಿ ಬೀಚಿನಲ್ಲಿ ಟೆಂಟ್ ಹಾಕಿದರೆ ಆಗಲ್ವಾ?
– ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಸುರತ್ಕಲ್

ಉತ್ತರ: ಆಗುವುದಿಲ್ಲ ತಮ್ಮಂದಿರೆ. ಕ್ರೊವೇಷಿಯಾದಲ್ಲಿ ಕ್ಯಾಂಪ್ ಬಿಟ್ಟು ಹೊರಗೆ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ, ದಂಡ ಹಾಕುತ್ತಾರೆ. ಫ್ರಾನ್ಸಿನಲ್ಲಿ ಸಮುದ್ರ ದಡಕ್ಕೆ ನಿಷೇಧ. ಸ್ಪೇನ್, ಇಟಲಿಯ ಕರಾವಳಿಯಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಇದು ಬರೀ ದುಡ್ಡಿನ ಆಸೆಯಿಂದ ಮಾಡಿದ್ದಲ್ಲ. ಬೇಸಿಗೆಯಲ್ಲಿ ಆ ಗುಡ್ಡಗಳು ಒಣಗಿ ತರಗೆಲೆಯ ಹಾಗೆ ಇರುತ್ತವೆ, ಪೈನ್ ಮರದಲ್ಲಿ ಅಂಟು ಬೇರೆ. ಒಂದು ಕಿಡಿ ಸಾಕು. ಮಾರ್ಸೆ ಪಕ್ಕದ ಕಲಾಂಕ್ ಅನ್ನುವ ಸುಣ್ಣದ ಕಲ್ಲಿನ ಕೊಲ್ಲಿಗಳಿಗೆ ಬೇಸಿಗೆಯಲ್ಲಿ ಬೆಂಕಿಯ ಅಪಾಯ ಜಾಸ್ತಿ ಇರುವ ದಿನ ನಡೆದು ಹೋಗಲಿಕ್ಕೂ ಬಿಡುವುದಿಲ್ಲ. ಕ್ಯಾಂಪ್‌ಫೈರ್, ಗಿಟಾರು, ನಕ್ಷತ್ರ ಅಂತ ಕನಸು ಕಂಡಿದ್ದರೆ ಮೊದಲನೆಯದನ್ನು ಬಿಟ್ಟು ಉಳಿದೆರಡು ಇಟ್ಟುಕೊಳ್ಳಿ. ಗಿಟಾರೂ ರಾತ್ರಿ ಹತ್ತೂವರೆ, ಹನ್ನೊಂದರ ತನಕ ಮಾತ್ರ. ಆಮೇಲೆ ಗದ್ದಲ ಮಾಡಿದರೆ ಕಾವಲಿನವರು ಬರುತ್ತಾರೆ, ಗೇಟಿನೊಳಗೆ ಕಾರು ಕೂಡ ಓಡಾಡುವ ಹಾಗಿಲ್ಲ.

ನಿಮ್ಮಂಥವರಿಗೆ ದಾರಿ ಬೇರೆ ಉಂಟು. ಫ್ರಾನ್ಸಿನಲ್ಲಿ ಊರಿನ ಪುರಸಭೆಯೇ ನಡೆಸುವ ಕ್ಯಾಂಪ್‌ಗಳನ್ನು ಹುಡುಕಿ, ಅಲ್ಲಿ ಈಜುಕೊಳ ಇರುವುದಿಲ್ಲ, ಬಾಡಿಗೆಯೂ ಇರುವುದಿಲ್ಲ ಅನ್ನುವಷ್ಟು ಕಡಿಮೆ. ಕಾರಿಲ್ಲದೆ ಹೋಗುವುದಾದರೆ ಬಾರ್ಸಿಲೋನಾದಿಂದ ಆರ್1 ಅನ್ನುವ ಲೋಕಲ್ ರೈಲು ಹತ್ತಿ. ಅದು ಸಮುದ್ರಕ್ಕೆ ತಾಗಿಕೊಂಡೇ ಉತ್ತರಕ್ಕೆ ಹೋಗುತ್ತದೆ. ಕಲೆಯಾ, ಸಾಂತಾ ಸುಸಾನಾ, ಮಲ್ಗ್ರಾತ್ ಕಡೆ ಸ್ಟೇಷನ್ನಿನಿಂದ ಬ್ಯಾಗು ಹೊತ್ತು ನಡೆದೇ ಕ್ಯಾಂಪ್ ಮುಟ್ಟಬಹುದು. ಇಟಲಿಯಲ್ಲಾದರೆ ಲೆವಾಂತೊ: ಅಲ್ಲಿ ಟೆಂಟ್ ಹಾಕಿ, ಚಿಂಕ್ವೆ ತೆರ್ರೆಯ ಐದು ಊರುಗಳಿಗೆ ದಿನಾ ರೈಲಿನಲ್ಲಿ ಹೋಗಿಬನ್ನಿ. ಆ ಊರುಗಳಲ್ಲಿ ರೂಮಿನ ಬಾಡಿಗೆ ಕೇಳಿದರೆ ನಿಮ್ಮ ಸೆಮಿಸ್ಟರ್ ಫೀಸ್ ನೆನಪಾಗುತ್ತದೆ.

ಟೆಂಟನ್ನು ಇಲ್ಲಿಂದ ಹೊತ್ತುಕೊಂಡು ಹೋಗಬೇಡಿ. ನಮ್ಮ ಟೆಂಟ್ ಇಲ್ಲಿಂದ ಒಯ್ದದ್ದು, ಅದರ ಭಾರಕ್ಕೆ ಬಟ್ಟೆ ಬಿಟ್ಟು ಹೋಗಬೇಕಾಯಿತು. ಡೆಕಾಥ್ಲಾನ್ ಫ್ರೆಂಚರದ್ದೇ ಕಂಪನಿ, ಅಲ್ಲಿ ಊರೂರಿಗೆ ಇದೆ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಯಾವ ಚೀಲದಲ್ಲೂ ಬಿಡುವುದಿಲ್ಲ, ಆದ್ದರಿಂದ ಒಲೆಯನ್ನೂ ಅಲ್ಲೇ ತೆಗೆದುಕೊಳ್ಳಿ. ಕೆಲವು ಡಬ್ಬಿ ತಿರುಪಿನವು, ಕೆಲವು ಒತ್ತಿ ಕೂರಿಸುವವು. ಒಲೆ ಒಂದು ಜಾತಿ, ಡಬ್ಬಿ ಇನ್ನೊಂದು ಜಾತಿ ಆದರೆ ಆ ರಾತ್ರಿ ಬ್ರೆಡ್ ತಿಂದು ಮಲಗುವುದೇ.

ಪ್ರಶ್ನೆ: ವೀಸಾ ಕಷ್ಟವಾ? ಎಷ್ಟು ಖರ್ಚು? ಟೆಂಟಿನಲ್ಲಿ ಇರುತ್ತೇವೆ ಅಂದರೆ ಕೊಡುತ್ತಾರಾ?
– ಓದುಗರು, ಮಣಿಪಾಲ

ಉತ್ತರ: ಕೊಡುತ್ತಾರೆ. ಎಲ್ಲಿ ಇರುತ್ತೀರಿ ಅನ್ನುವುದಕ್ಕೆ ಪುರಾವೆ ಬೇಕು, ಅಷ್ಟೇ. ಕ್ಯಾಂಪಿನ ಬುಕಿಂಗ್ ಕಾಗದದಲ್ಲಿ ಎಲ್ಲರ ಹೆಸರು, ತಾರೀಕು, ವಿಳಾಸ ಸರಿ ಇದ್ದರೆ ಅದು ಹೋಟೆಲಿನ ಕಾಗದದಷ್ಟೇ. ಷೆಂಗೆನ್ ವೀಸಾ ಒಂದಿದ್ದರೆ ಫ್ರಾನ್ಸ್, ಸ್ಪೇನ್, ಇಟಲಿ ಮೂರೂ ಆಯಿತು. ಕ್ರೊವೇಷಿಯಾ ಕೂಡ 2023ರ ಜನವರಿಯಿಂದ ಅದರೊಳಗೆ ಬಂದಿದೆ, ನಾಣ್ಯವೂ ಆಗಿನಿಂದ ಯೂರೋ. ದೊಡ್ಡವರಿಗೆ ಫೀಸು 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಸಣ್ಣವರಿಗೆ ಇಲ್ಲ. ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯ ಚಾರ್ಜು ಬೇರೆ. ಕನಿಷ್ಠ 30,000 ಯೂರೋದ ಪ್ರವಾಸ ವಿಮೆ ಕಡ್ಡಾಯ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಒಂದೇ ಕಡೆ ಇರಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ, ಕಾಗದಪತ್ರ ಸುಲಭ. ಆರು ತಿಂಗಳು ಮೊದಲೇ ಹಾಕಬಹುದು, ಬೇಸಿಗೆಗೆ ಹೋಗುವವರು ತಡ ಮಾಡಬೇಡಿ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಲಿಕ್ಕೆ ಒಂದು ರಾತ್ರಿ ಬಸ್ಸು, ಅದನ್ನೂ ಖರ್ಚಿಗೆ ಸೇರಿಸಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಅಡುಗೆ ನಾನೇ ಮಾಡುತ್ತೇನೆ. ತುಪ್ಪ, ಕರಿಬೇವಿನ ಸೊಪ್ಪು, ತೆಂಗಿನಕಾಯಿ, ಉಪ್ಪಿನಕಾಯಿ, ಕುಚ್ಚಲಕ್ಕಿ ಒಯ್ಯಬಹುದಾ? ಇಂಡಕ್ಷನ್ ಒಲೆ ಇಲ್ಲಿಂದ ಒಯ್ಯಲಾ?
– ಗೃಹಿಣಿ, ಉಡುಪಿ ರಥಬೀದಿ

ಉತ್ತರ: ಅಕ್ಕ, ನಿಮ್ಮ ಪತ್ರ ಓದಿ ನನ್ನ ಹೆಂಡತಿ ‘ಇವರಿಗೆ ಉದ್ದ ಉತ್ತರ ಬರೀರಿ’ ಅಂದಳು.

ತುಪ್ಪ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರಬಾರದು ಅಂತ ಯುರೋಪಿನ ನಿಯಮ. ಪೇಡ, ಬರ್ಫಿ ಕೂಡ ಅದರಲ್ಲಿ ಬಂತು. ಹಸಿ ಕರಿಬೇವಿನ ಸೊಪ್ಪೂ ಇಲ್ಲ, ಸೊಪ್ಪು ತರಕಾರಿಗೆ ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಕೇಳುತ್ತಾರೆ. ಆದರೆ ತಮಾಷೆ ನೋಡಿ, ಆ ಸರ್ಟಿಫಿಕೇಟ್ ಬೇಡದ ಹಣ್ಣುಗಳು ಐದೇ ಐದು: ಅನಾನಸು, ಬಾಳೆಹಣ್ಣು, ಖರ್ಜೂರ, ದುರಿಯನ್ ಮತ್ತು ತೆಂಗಿನಕಾಯಿ! ನಮ್ಮನ್ನು ಕೇಳಿಯೇ ಪಟ್ಟಿ ಮಾಡಿದ ಹಾಗಿದೆ. ಒಣ ಕೊಬ್ಬರಿ ಮಾತ್ರ ಬೇಡ, ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿ ಹಿಡಿಯುತ್ತದೆ ಅಂತ ಇಲ್ಲಿಯ ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಎಲ್ಲ ದೊಡ್ಡ ಚೀಲಕ್ಕೆ ಹಾಕಿ. ಕರಿಬೇವಿನ ಸೊಪ್ಪನ್ನು ಎಣ್ಣೆಯಲ್ಲಿ ಹುರಿದು ಚಟ್ನಿಪುಡಿಗೇ ಸೇರಿಸಿ ಕುಟ್ಟಿಬಿಡಿ.

ಇಂಡಕ್ಷನ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಾನು ಪೆಟ್ಟು ತಿಂದವನು. ಸೈಟಿಗೆ ಕರೆಂಟ್ ಉಂಟು ಅಂದ ಮಾತ್ರಕ್ಕೆ ಮನೆಯ ಕರೆಂಟ್ ಅಲ್ಲ. ಎಷ್ಟು ಆಂಪಿಯರ್ ಅಂತ ಕೇಳಬೇಕು. ಅಗ್ಗದ ಸೈಟಿನಲ್ಲಿ 6 ಆಂಪಿಯರ್. 230 ವೋಲ್ಟಿಗೆ ಗುಣಿಸಿ: 1,380 ವಾಟ್. ನಾವು 2,000 ವಾಟಿನ ಇಂಡಕ್ಷನ್ ಹಚ್ಚಿದೆವು, ಟಪ್ ಅಂತ ಹೋಯಿತು. ಪೆಟ್ಟಿಗೆಯ ಬೀಗ ಆಫೀಸಿನವರ ಕೈಯಲ್ಲಿ, ಆಫೀಸು ಬಾಗಿಲು ಹಾಕಿತ್ತು, ಅದೇ ಪೆಟ್ಟಿಗೆಯಿಂದ ಕರೆಂಟ್ ಎಳೆದಿದ್ದ ಪಕ್ಕದವರ ಫ್ರಿಜ್ಜೂ ನಿಂತಿತು. ಭಾಷೆ ಬಾರದೆ ಕ್ಷಮೆ ಕೇಳುವುದು ಎಂಥ ಕಷ್ಟ ಅಂತ ಆ ರಾತ್ರಿ ಗೊತ್ತಾಯಿತು. 10 ಆಂಪಿಯರ್ ಇದ್ದರೆ 2,300 ವಾಟ್ ತನಕ ಆಗುತ್ತದೆ. 700, 800 ವಾಟಿನ ಸಣ್ಣ ಕುಕ್ಕರ್, ಮಿಕ್ಸಿ 6 ಆಂಪಿಯರಿನಲ್ಲೂ ಓಡುತ್ತದೆ, ಎರಡನ್ನೂ ಒಟ್ಟಿಗೆ ಹಾಕಬೇಡಿ. ಪ್ಲಗ್ಗು ಬೇರೆ, ಕೆಲವು ಪೆಟ್ಟಿಗೆಯಲ್ಲಿ ನೀಲಿ ಬಣ್ಣದ ದಪ್ಪ ಮೂರು ಪಿನ್ನಿನದ್ದು. ಅದರ ಅಡಾಪ್ಟರ್ ಆಫೀಸಿನಲ್ಲಿ ಬಾಡಿಗೆಗೆ ಕೊಡುತ್ತಾರಾ ಮೊದಲೇ ಕೇಳಿ.

ಕುಚ್ಚಲಕ್ಕಿ ಗ್ಯಾಸ್ ಡಬ್ಬಿಯಲ್ಲಿ ಬೇಯಿಸುತ್ತೇನೆ ಅಂದರೆ ಡಬ್ಬಿ ಮುಗಿದರೂ ಅಕ್ಕಿ ಬೇಯುವುದಿಲ್ಲ. ನಾವು ಕಂಡುಕೊಂಡ ಉಪಾಯ: ರಾತ್ರಿಯೇ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಕುದಿಸಿ, ಮುಚ್ಚಳ ಹಾಕಿ, ಸ್ಲೀಪಿಂಗ್ ಬ್ಯಾಗಿನೊಳಗೆ ಪಾತ್ರೆ ಸುತ್ತಿ ಇಟ್ಟು ಸಮುದ್ರಕ್ಕೆ ಹೋಗುವುದು. ನಮ್ಮ ಕಡೆ ಥರ್ಮಲ್ ಕುಕ್ಕರಿನಲ್ಲಿ ಮಾಡುತ್ತಾರಲ್ವಾ, ಅದೇ ಲೆಕ್ಕ. ವಾಪಸ್ ಬರುವಾಗ ಬಿಸಿ ಗಂಜಿ. ಇನ್ನೊಂದು, ಫ್ರಾನ್ಸಿನ ಕಮಾರ್ಗ್ ಅನ್ನುವ ಕಡೆ, ರೋನ್ ನದಿ ಸಮುದ್ರ ಸೇರುವ ಜವುಗು ನೆಲದಲ್ಲಿ, ಅವರೇ ಭತ್ತ ಬೆಳೆಯುತ್ತಾರೆ. ಕೆಂಪಕ್ಕಿ ಕೂಡ! ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ನಮ್ಮ ರುಚಿ ಅಲ್ಲ, ಆದರೆ ಕೈಗೆ ಅಕ್ಕಿ ಸಿಕ್ಕಿದ ಸಮಾಧಾನ. ಆ ಕಡೆ ಹೋದರೆ ಸೊಳ್ಳೆಬತ್ತಿಯೂ ಇರಲಿ.

ಹೊರಗೆ ತಿನ್ನುವುದಾದರೆ ನೀಸ್ ಊರಿನಲ್ಲಿ ಸೊಕ್ಕಾ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ದೊಡ್ಡ ತಾಮ್ರದ ಹೆಂಚಿನಲ್ಲಿ ಹೊಯ್ದು ಸೌದೆ ಒಲೆಯೊಳಗೆ ಸುಡುತ್ತಾರೆ. ದೋಸೆಯ ದೂರದ ನೆಂಟ. ಪಕ್ಕದಲ್ಲೇ ಈರುಳ್ಳಿ ಹಾಕಿದ ಪಿಸ್ಸಲಾದಿಯೇರ್ ಇರುತ್ತದೆ, ನೋಡಲಿಕ್ಕೆ ಸಾಧು, ಅದರಲ್ಲಿ ಮೀನು ಉಂಟು. ಪಾರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಅದೂ ಬೇಡ.

ಪ್ರಶ್ನೆ: ಸ್ವಲ್ಪ ಮುಜುಗರದ ಪ್ರಶ್ನೆ. ಅಲ್ಲಿ ಬಟ್ಟೆಬರೆ ಹೇಗೆ? ನಮ್ಮ ಅತ್ತೆಯವರು ಚೂಡಿದಾರದಲ್ಲೇ ನೀರಿಗಿಳಿಯುವುದು.
– ಹೆಸರು ಬೇಡ, ಬಜ್ಪೆ

ಉತ್ತರ: ಸಮುದ್ರಕ್ಕೆ ಇಳಿಯಲಿ, ಯಾರೂ ಕೇಳುವುದಿಲ್ಲ. ಈಜುಕೊಳಕ್ಕೆ ಬಿಡುವುದಿಲ್ಲ. ಫ್ರಾನ್ಸಿನಲ್ಲಿ ಗಂಡಸರಿಗೂ ಮೊಣಕಾಲವರೆಗಿನ ಸಡಿಲ ಚಡ್ಡಿ ನಡೆಯುವುದಿಲ್ಲ, ಮೈಗೆ ಅಂಟುವ ಸಣ್ಣ ಈಜುಚಡ್ಡಿಯೇ ಆಗಬೇಕು. ಹೊರಗೆ ಹಾಕಿಕೊಂಡು ತಿರುಗಿದ ಬಟ್ಟೆಯಿಂದ ಕೊಳೆ ನೀರಿಗೆ ಬರುತ್ತದೆ ಅನ್ನುವುದು ಅವರ ವಾದ. ನಾನು ಹೊಸ ಚಡ್ಡಿ ಕೊಂಡು ಎರಡು ದಿನ ಟವೆಲ್ ಸುತ್ತಿಕೊಂಡೇ ಓಡಾಡಿದೆ, ಆಮೇಲೆ ಬಿಟ್ಟುಬಿಟ್ಟೆ, ನೋಡುವವರು ಯಾರು.

ಇದಕ್ಕಿಂತ ಮುಖ್ಯ ಒಂದು ಹೇಳುತ್ತೇನೆ. ಬುಕ್ ಮಾಡುವಾಗ ‘ನ್ಯಾಚುರಿಸ್ಟ್’ ಅಂತ ಕಂಡರೆ ಪ್ರಕೃತಿ ಪ್ರೇಮಿಗಳು ಅಂತ ಖುಷಿಪಡಬೇಡಿ. ಬಟ್ಟೆಯೇ ಹಾಕದವರ ಕ್ಯಾಂಪ್ ಅದು. ಕ್ರೊವೇಷಿಯಾ ಕಡೆ ‘ಎಫ್‌ಕೆಕೆ’ ಅಂತ ಬೋರ್ಡು ಇರುತ್ತದೆ. ವ್ರ್ಸಾರ್ ಹತ್ತಿರ 1961ರಿಂದ ಅಂಥದ್ದೊಂದು ದೊಡ್ಡ ಕ್ಯಾಂಪ್ ನಡೆಯುತ್ತಿದೆ. ಫ್ರಾನ್ಸಿನ ಕಾಪ್ ದಾಗ್ದ್‌ನಲ್ಲಿ ಇಡೀ ಒಂದು ಬಡಾವಣೆಯೇ ಉಂಟು, ಅಂಗಡಿ ಬ್ಯಾಂಕು ಸಹಿತ. ಅವರ ಪಾಡಿಗೆ ಅವರು, ತಪ್ಪೇನಿಲ್ಲ. ಅತ್ತೆಯವರನ್ನು ಕರೆದುಕೊಂಡು ಗೇಟಿಗೆ ಹೋಗಿ ನಿಲ್ಲುವ ಮೊದಲು ಗೊತ್ತಿರಲಿ ಅಂತ ಹೇಳಿದೆ.

ಪ್ರಶ್ನೆ: ಮರವಂತೆಯಲ್ಲಿ ಒಂದು ಕಡೆ ನದಿ, ಒಂದು ಕಡೆ ಸಮುದ್ರ ಇಟ್ಟುಕೊಂಡು ನಾವು ಅಲ್ಲಿಗೆ ಹೋಗಿ ನೋಡಲಿಕ್ಕೆ ಎಂತ ಉಂಟು ಮಾರಾಯ್ರೆ?
– ಓದುಗರು, ಕುಂದಾಪುರ

ಉತ್ತರ: ನಿಮ್ಮ ಪ್ರಶ್ನೆ ನನಗೆ ಇಷ್ಟವಾಯಿತು. ಮರಳಿನ ಲೆಕ್ಕದಲ್ಲಿ ನಾವೇ ಗೆದ್ದೆವು. ನೀಸ್‌ನಲ್ಲಿ ಮರಳೇ ಇಲ್ಲ, ಮುಷ್ಟಿ ಗಾತ್ರದ ನುಣುಪು ಕಲ್ಲು. ಕ್ರೊವೇಷಿಯಾದಲ್ಲೂ ಕಲ್ಲೇ ಜಾಸ್ತಿ, ನೀರಿನಲ್ಲಿ ಸಮುದ್ರದ ಮುಳ್ಳುಹಂದಿಗಳು ಬೇರೆ (ಸೀ ಅರ್ಚಿನ್ ಅನ್ನುವ ಮುಳ್ಳಿನ ಚೆಂಡಿನಂಥ ಜೀವಿಗೆ ನಾನಿಟ್ಟ ಹೆಸರು, ತುಳಿದ ಮೇಲೆ ನೀವು ಬೇರೆ ಹೆಸರಿಡುತ್ತೀರಿ). ರಬ್ಬರ್ ಚಪ್ಪಲಿ ಹಾಕಿಯೇ ಇಳಿಯಬೇಕು.

ಆದರೆ ಅದು ಬೇರೆಯೇ ಸಮುದ್ರ. ಸುತ್ತ ನೆಲ, ಜಿಬ್ರಾಲ್ಟರಿನಲ್ಲಿ ಸುಮಾರು 14 ಕಿಲೋಮೀಟರ್ ಅಗಲದ ಒಂದು ಬಾಗಿಲು. ಹಾಗಾಗಿ ಹೆಚ್ಚಿನ ಕಡೆ ಉಬ್ಬರ ಇಳಿತ ಒಂದೂವರೆ ಅಡಿಯೂ ಇಲ್ಲ. ಬೆಳಿಗ್ಗೆ ಇಟ್ಟ ಚಪ್ಪಲಿ ಸಂಜೆಗೂ ಅಲ್ಲೇ ಇರುತ್ತದೆ. ಬಿಸಿಲಿಗೆ ನೀರು ಆವಿಯಾಗುವಷ್ಟು ನದಿ ನೀರು ಬಂದು ಸೇರುವುದಿಲ್ಲ, ಅದಕ್ಕೆ ಉಪ್ಪು ಜಾಸ್ತಿ, ತೇಲುವುದು ಸುಲಭ. ಆ ನೀಲಿ ಬಣ್ಣಕ್ಕೂ ಕಾರಣ ಉಂಟು. ನೀರಿನಲ್ಲಿ ಗೊಬ್ಬರ ಕಡಿಮೆ, ಪಾಚಿಯಂಥ ಸಣ್ಣ ಜೀವಿಗಳು ಕಡಿಮೆ, ಹಾಗಾಗಿ ತಳ ಕಾಣುವಷ್ಟು ತಿಳಿ. ನಮ್ಮ ಕಡಲಿನಲ್ಲಿ ಮಳೆಗಾಲಕ್ಕೆ ಆಳದ ತಣ್ಣೀರು ಗೊಬ್ಬರ ಹೊತ್ತು ಮೇಲೆ ಬರುತ್ತದೆ, ನೀರು ಹಸಿರು ತಿರುಗುತ್ತದೆ, ಅದನ್ನು ತಿಂದೇ ಬೂತಾಯಿ, ಬಂಗುಡೆ ಕೊಬ್ಬುವುದು. ತಿಳಿನೀರು ಬೇಕಾದರೆ ಅಲ್ಲಿಗೆ, ಮೀನು ಬೇಕಾದರೆ ಇಲ್ಲಿ ಇರಿ.

ಇನ್ನೊಂದು, ಸ್ಪೇನಿನ ಕೋಸ್ತಾ ಬ್ರಾವಾದಲ್ಲಿ ನಾನು ಸಂಜೆ ಸಮುದ್ರದ ಎದುರು ಕುರ್ಚಿ ಹಾಕಿ ಸೂರ್ಯ ಮುಳುಗಲಿ ಅಂತ ಕಾದೆ. ಕತ್ತಲಾಯಿತು, ಸೂರ್ಯ ಬರಲಿಲ್ಲ. ಆ ದಡ ಪೂರ್ವಕ್ಕೆ ಮುಖ ಮಾಡಿದ್ದು! ಪಡುಗಡಲಿನವರು ನಾವು, ಸೂರ್ಯ ಸಮುದ್ರದಲ್ಲೇ ಮುಳುಗಬೇಕು ಅಂತ ನಂಬಿದವರು. ನಿಮಗೂ ಹಾಗೇ ಆಗಬೇಕಾದರೆ ಕ್ರೊವೇಷಿಯಾದ ಇಸ್ಟ್ರಿಯಾ ಪಶ್ಚಿಮ ದಡಕ್ಕೆ ಹೋಗಿ. ಜೂನಿನಲ್ಲಿ ರಾತ್ರಿ ಒಂಬತ್ತರ ಹತ್ತಿರ ಮುಳುಗುತ್ತದೆ, ಊಟ ಮುಗಿಸಿ ನೋಡಬಹುದು.

ಪ್ರಶ್ನೆ: ಗಾಳಿಗೆ ಟೆಂಟ್ ಹಾರಿಹೋಗುವುದಿಲ್ವಾ?
– ಒಂಬತ್ತನೇ ತರಗತಿ, ಮೂಡುಬಿದಿರೆ

ಉತ್ತರ: ಹೋಗುತ್ತದೆ ಮಗಾ. ನಮ್ಮದು ಹೋಗಿತ್ತು. ಫ್ರಾನ್ಸಿನಲ್ಲಿ ಮಿಸ್ಟ್ರಾಲ್ ಅಂತ ಒಂದು ಗಾಳಿ ಉತ್ತರದಿಂದ ರೋನ್ ನದಿಯ ಕಣಿವೆ ಹಿಡಿದು ಬರುತ್ತದೆ. ಎರಡೂ ಕಡೆ ಬೆಟ್ಟ, ನಡುವೆ ಸಿಕ್ಕಿ ಜೋರಾಗುತ್ತದೆ, ಗಂಟೆಗೆ 90 ಕಿಲೋಮೀಟರ್ ದಾಟುವುದೂ ಉಂಟು. ಮೋಸ ಎಂತ ಅಂದರೆ ಆಕಾಶ ಮಾತ್ರ ತಿಳಿ ನೀಲಿ. ನಮಗೆ ಗಾಳಿ ಅಂದರೆ ಕಪ್ಪು ಮೋಡ ಇರಬೇಕು. ಬಿಸಿಲು ನೋಡಿ ಧೈರ್ಯದಿಂದ ಟೆಂಟಿನ ಬಾಗಿಲು ತೆರೆದಿಟ್ಟು ಸಮುದ್ರಕ್ಕೆ ಹೋಗಿದ್ದೆವು, ಬರುವಾಗ ಅದು ಮೂರನೇ ಸೈಟಿನವರ ಕಾರಿನ ಮೇಲೆ ಕುಳಿತಿತ್ತು. ನೆಲ ಕಲ್ಲಿನ ಹಾಗೆ ಗಟ್ಟಿ, ಟೆಂಟಿನ ಜೊತೆ ಬರುವ ಅಲ್ಯೂಮಿನಿಯಂ ಗೂಟ ಬಗ್ಗಿ ಹೋಗುತ್ತದೆ. ಕಬ್ಬಿಣದ ಗೂಟ, ಒಂದು ಸುತ್ತಿಗೆ ಬೇಕೇ ಬೇಕು.

ಪ್ರಶ್ನೆ: ಒಣಮೀನು ಒಯ್ಯಬಹುದಾ? ಯಾರೂ ಸರಿಯಾಗಿ ಹೇಳುವುದಿಲ್ಲ.
– ಓದುಗರು, ಮಲ್ಪೆ

ಉತ್ತರ: ಒಯ್ಯಬಹುದು. ಮಾಂಸ, ಹಾಲು ಬೇಡ ಅನ್ನುವವರು ಮೀನಿಗೆ ಒಬ್ಬರಿಗೆ 20 ಕಿಲೋ ತನಕ ಬಿಡುತ್ತಾರೆ, ಒಣಗಿಸಿದ್ದೂ ಸೇರಿ. 20 ಕಿಲೋ ಒಯ್ಯಿರಿ ಅಂತ ನಾನು ಹೇಳಲಿಲ್ಲ. ಅರ್ಧ ಕಿಲೋವನ್ನೂ ಮೂರು ಪ್ಲಾಸ್ಟಿಕ್ ಸುತ್ತಿ, ಡಬ್ಬಿಗೆ ಹಾಕಿ ಒಯ್ಯಿರಿ, ಇಲ್ಲವಾದರೆ ನಿಮ್ಮ ಬಟ್ಟೆ ಊರಿಗೆ ಬಂದ ಮೇಲೂ ಪರಿಮಳ ಬಿಡುವುದಿಲ್ಲ.

ಆದರೆ ನನ್ನ ಮಾತು ಕೇಳಿದರೆ ಮೀನು ಬಿಟ್ಟು ಮಸಾಲೆ ಮಾತ್ರ ಒಯ್ಯಿರಿ. ಬೆಳಿಗ್ಗೆ ಬಂದರಿನ ಹತ್ತಿರ ಹೋದರೆ ಸಾರ್ಡಿನ್ ಸಿಗುತ್ತದೆ, ನಮ್ಮ ಬೂತಾಯಿಯ ದಾಯಾದಿ, ಅಲ್ಲಿ ಅಗ್ಗದ ಮೀನುಗಳಲ್ಲಿ ಅದೂ ಒಂದು. ಮೆಣಸು, ಹುಳಿ, ಉಪ್ಪು ಹಚ್ಚಿ ಅರ್ಧ ಗಂಟೆ ಇಡಿ. ಸೈಟಿನಲ್ಲಿ ಇದ್ದಿಲು ಹಚ್ಚಲಿಕ್ಕೆ ಹೆಚ್ಚಿನ ಕಡೆ ಬಿಡುವುದಿಲ್ಲ, ಕೆಲವು ಕ್ಯಾಂಪ್‌ಗಳಲ್ಲಿ ಎಲ್ಲರಿಗೂ ಸೇರಿ ಸುಡುವ ಜಾಗ ಒಂದು ಕಟ್ಟಿರುತ್ತಾರೆ, ಅಲ್ಲಿ ಸುಡಿ. ನಾವು ಹಾಗೆ ಸುಡುವಾಗ ಒಬ್ಬ ಜರ್ಮನ್ ಮುದುಕ ಖಾಲಿ ತಟ್ಟೆ ಹಿಡಿದುಕೊಂಡು ಬಂದು ನಿಂತ. ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದ. ನಾಲ್ಕು ಮೀನು ಜಾಸ್ತಿಯೇ ತೆಗೆದುಕೊಳ್ಳಿ.